ಸ್ಕಿಜೋಫ್ರೇನಿಯಾ: ಆ ಪದದಲ್ಲಿ ‘ಎರಡು’ ಎಲ್ಲೂ ಇಲ್ಲ

ಪ್ರಶ್ನೆ: ನಮ್ಮ ಚಿಕ್ಕಮ್ಮನ ಮಗನಿಗೆ 22 ವರ್ಷ. ಹೋದ ವರ್ಷ ಡಾಕ್ಟರು ಅವನಿಗೆ ಸ್ಕಿಜೋಫ್ರೇನಿಯಾ ಇದೆ ಅಂದರು. ಔಷಧಿ ನಡೆಯುತ್ತಿದೆ. ಆದರೆ ಮನೆಯಲ್ಲಿ ಯಾರೋ ಈ ಪದದ ಅರ್ಥ ಹುಡುಕಿ, ‘ಗ್ರೀಕ್ ಭಾಷೆಯಲ್ಲಿ ಒಡೆದ ಮನಸ್ಸು ಅಂತೆ, ಅವನೊಳಗೆ ಇಬ್ಬರು ಇದ್ದಾರಂತೆ’ ಅಂದುಬಿಟ್ಟರು. ಅವತ್ತಿನಿಂದ ಚಿಕ್ಕಮ್ಮ ಮಗನ ಜೊತೆ ಒಬ್ಬರೇ ಕೂರಲು ಹೆದರುತ್ತಾರೆ. ಕನ್ನಡದಲ್ಲಿ ‘ಇಚ್ಚಿತ್ತ ವಿಕಲತೆ’ ಅಂತಲೂ ಒಂದು ಕಡೆ ಓದಿದೆ. ಇನ್ನೊಂದು ಕಡೆ, ಈ ಪದದಲ್ಲಿರುವ ‘ಫ್ರೇನ್’ ಅಂದರೆ ಮನಸ್ಸೇ ಅಲ್ಲ, ಎದೆಗೂ ಹೊಟ್ಟೆಗೂ ನಡುವಿನ ಪೊರೆ ಅಂತ ಇತ್ತು. ಯಾವುದು ಸರಿ? ಈ ಪದ ನಿಜವಾಗಿ ಏನು ಹೇಳುತ್ತದೆ? ಹಾಗೇ, ಸ್ಕಿಜೋ ಅನ್ನಬೇಕಾ, ಸ್ಕಿಟ್ಸೋ ಅನ್ನಬೇಕಾ?

ಉತ್ತರ: ಮೊದಲು ಚಿಕ್ಕಮ್ಮನಿಗೆ ಹೇಳಬೇಕಾದ ಮಾತು. ಅವರ ಮಗನೊಳಗೆ ಇಬ್ಬರಿಲ್ಲ. ಸ್ಕಿಜೋಫ್ರೇನಿಯಾ ಅಂದರೆ ಎರಡು ವ್ಯಕ್ತಿತ್ವ ಅಂತ ಯಾವ ಕಾಲಕ್ಕೂ ಅರ್ಥವಿರಲಿಲ್ಲ. ಈ ಪದ ಕಟ್ಟಿದ ಡಾಕ್ಟರ ಮನಸ್ಸಿನಲ್ಲೂ ಆ ಅರ್ಥ ಇರಲಿಲ್ಲ, ಅವರು ಎರವಲು ತಂದ ಗ್ರೀಕ್ ಪದಗಳಲ್ಲೂ ಇರಲಿಲ್ಲ. ಇದನ್ನು ಇವತ್ತೇ ಅವರಿಗೆ ಹೇಳಿಬಿಡಿ. ಪದದ ಕಥೆ ಆಮೇಲೆ ನಿಧಾನವಾಗಿ ಓದಬಹುದು.

ಈಗ ಕಥೆ. ಪದ ಎರಡು ತುಂಡು: ಸ್ಕಿಜೋ ಮತ್ತು ಫ್ರೇನಿಯಾ. ಮೊದಲ ತುಂಡು ಸುಲಭ, ಎರಡನೆಯದು ಬಹಳ ಆಳ.

ಗ್ರೀಕಿನಲ್ಲಿ ‘ಸ್ಖಿಜೋ’ ಅಂದರೆ ‘ನಾನು ಸೀಳುತ್ತೇನೆ’. ಮೊದಲಿಗೆ ಇದು ಸೌದೆ ಒಡೆಯುವವರ ಪದ. ಪ್ರಾಚೀನ ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದ ಮೊದಲ ಭಾಗದಲ್ಲೇ ಒಬ್ಬ ಮುದಿ ಪೂಜಾರಿ ‘ಸ್ಖಿಜಾ’ಗಳ ಮೇಲೆ ಬಲಿಯ ಮಾಂಸ ಸುಡುತ್ತಾನೆ. ಸ್ಖಿಜಾ ಅಂದರೆ ಸೀಳಿದ ಸೌದೆ, ಅಷ್ಟೇ. ಬೈಬಲ್‌ನ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ದೇವಾಲಯದ ತೆರೆ ಹರಿದು ಹೋಗುವುದಕ್ಕೂ, ಬಂಡೆಗಳು ಸೀಳುವುದಕ್ಕೂ ಇದೇ ಕ್ರಿಯಾಪದ ಬಳಸಿದ್ದಾರೆ. ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಒಂದು ಜಾತಿಯ ಕಲ್ಲಿಗೆ ಭೂವಿಜ್ಞಾನಿಗಳು ಶಿಸ್ಟ್ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು.

ಕನ್ನಡ ಓದುವವರಿಗೆ ಈ ಬೇರು ಅಪರಿಚಿತವೇನಲ್ಲ. ಸಂಸ್ಕೃತದ ‘ಛಿದ್’ ಧಾತು ಗ್ರೀಕಿನ ಸ್ಖಿಜೋಗೆ ಸ್ವಂತ ದಾಯಾದಿ. ಲ್ಯಾಟಿನ್ ಭಾಷೆಯ ‘ಸ್ಕಿಂದೊ’ ಕೂಡ ಅದೇ ಮನೆಯದು. ಹಿಂದೆ ‘ಸ್ಕ್’ ಅಂತಿದ್ದ ಸದ್ದು ಸಂಸ್ಕೃತದಲ್ಲಿ ‘ಛ್’ ಆಗಿ ತಿರುಗಿತು. ಛಿದ್ರ, ಛೇದ, ವಿಚ್ಛೇದನ, ಅವಿಚ್ಛಿನ್ನ, ಅಷ್ಟೇ ಏಕೆ, ಪುಸ್ತಕದ ಪರಿಚ್ಛೇದ: ಇವೆಲ್ಲ ಸ್ಕಿಜೋಫ್ರೇನಿಯಾದ ಮೊದಲ ಅರ್ಧದ ನೆಂಟರು. ಕೆಲವರು ಸ್ಕಿಜೋಫ್ರೇನಿಯಾಕ್ಕೆ ‘ಛಿದ್ರಮನಸ್ಕತೆ’ ಅಂತ ಬರೆಯುತ್ತಾರೆ. ಆ ‘ಛಿದ್ರ’ ಬರೀ ಅನುವಾದ ಅಲ್ಲ, ಅದೇ ಪದದ ಇನ್ನೊಂದು ರೂಪ.

ಇಲ್ಲಿ ಒಂದು ಕ್ಷಣ ನಿಲ್ಲಿ. ಛಿದ್ರ ಅಂದಾಗ ನಿಮಗೆ ಎರಡು ಅನ್ನುವ ಲೆಕ್ಕ ಕಾಣುತ್ತದೆಯಾ? ಕೈಜಾರಿ ಬಿದ್ದ ಗಾಜು ಛಿದ್ರ ಛಿದ್ರ ಆಯಿತು ಅಂತೀವಿ. ಎಷ್ಟು ಚೂರು ಅಂತ ಯಾರೂ ಎಣಿಸುವುದಿಲ್ಲ. ಗ್ರೀಕಿನ ಸ್ಖಿಜೋ ಕೂಡ ಹಾಗೇ. ಎರಡು ಅಂತ ಹೇಳಬೇಕಾದರೆ ಗ್ರೀಕರ ಹತ್ತಿರ ‘ದಿ’, ‘ದಿಸ್’, ‘ದಿಖಾ’ ಅನ್ನುವ ಬೇರೆ ಪದಗಳೇ ಇದ್ದವು. ಅವು ಯಾವುವೂ ಸ್ಕಿಜೋಫ್ರೇನಿಯಾ ಒಳಗೆ ಇಲ್ಲ. ಮರದ ಎಳೆ ಹೋದ ದಿಕ್ಕಿಗೆ ಕೊಡಲಿ ಬಿದ್ದಾಗ ಮರ ಬಿಡಿಸಿಕೊಳ್ಳುತ್ತದೆ. ಆ ಬಿಡಿಸಿಕೊಳ್ಳುವಿಕೆಯನ್ನೇ ಈ ಕ್ರಿಯಾಪದ ಹೇಳುವುದು.

ಹಾಗಾದರೆ ಕನ್ನಡದ ‘ಇಚ್ಚಿತ್ತ’? ದುರದೃಷ್ಟಕ್ಕೆ ಎರಡು ಅನ್ನುವುದು ನುಸುಳಿರುವುದು ಅಲ್ಲೇ. ಇಮ್ಮಡಿ, ಇಕ್ಕೆಲ, ಇಬ್ಬರು ಈ ಪದಗಳ ಮೊದಲಲ್ಲಿರುವ ‘ಇರ್’ ಅಂದರೆ ಎರಡು. ಅದೇ ‘ಇರ್’ ಚಿತ್ತದ ಜೊತೆ ಸೇರಿ ಇಚ್ಚಿತ್ತ ಆಗಿದೆ. ವ್ಯಾಕರಣದ ದೃಷ್ಟಿಯಿಂದ ಬಹಳ ಚೆಂದದ ಪದ. ಕಟ್ಟಿದವರು ಒಳ್ಳೆಯ ಉದ್ದೇಶದಿಂದಲೇ, ಜನರಿಗೆ ತಿಳಿಯಲಿ ಅಂತಲೇ ಕಟ್ಟಿದ್ದು. ಆದರೆ ಗ್ರೀಕಿನಲ್ಲಿ ಇಲ್ಲದ ಒಂದು ಲೆಕ್ಕ ಕನ್ನಡಕ್ಕೆ ಬಂದುಬಿಟ್ಟಿತು. ನಿಮ್ಮ ಚಿಕ್ಕಮ್ಮನ ಭಯಕ್ಕೆ ಅದೂ ಸ್ವಲ್ಪ ಕಾರಣ ಇರಬಹುದು. ನನ್ನನ್ನು ಕೇಳಿದರೆ ‘ಇಚ್ಚಿತ್ತ’ ಬಿಟ್ಟು ‘ಚಿತ್ತವಿಕಲತೆ’ ಅನ್ನಿ, ಇಲ್ಲವಾದರೆ ಸುಮ್ನೆ ಸ್ಕಿಜೋಫ್ರೇನಿಯಾ ಅಂತಲೇ ಅನ್ನಿ.

ಇನ್ನು ಫ್ರೇನ್. ನೀವು ಓದಿದ್ದು ಅರ್ಧ ಸರಿ: ಅದು ಪೊರೆಯೂ ಹೌದು, ಮನಸ್ಸೂ ಹೌದು. ಎರಡೂ ಹೇಗೆ ಹೌದು ಅನ್ನುವುದೇ ಈ ಪದದ ಅತ್ಯಂತ ಸೊಗಸಾದ ಭಾಗ.

ಏಕವಚನದಲ್ಲಿ ಫ್ರೇನ್, ಬಹುವಚನದಲ್ಲಿ ಫ್ರೆನೆಸ್. ಹೋಮರ್ ಜಾಸ್ತಿ ಬಳಸುವುದು ಬಹುವಚನವನ್ನೇ. ಇಲಿಯಡ್‌ನ 16ನೇ ಭಾಗದಲ್ಲಿ ಪೆಟ್ರೋಕ್ಲಸ್ ಎಸೆದ ಈಟಿ ಸರ್ಪೀಡನ್ ಅನ್ನುವ ವೀರನಿಗೆ ತಗಲುತ್ತದೆ. ಎಲ್ಲಿಗೆ? ಹೃದಯವನ್ನು ಫ್ರೆನೆಸ್ ಸುತ್ತುವರಿದಿರುವ ಜಾಗಕ್ಕೆ. ಆಮೇಲೆ ಪೆಟ್ರೋಕ್ಲಸ್ ಅವನ ಎದೆಯ ಮೇಲೆ ಕಾಲಿಟ್ಟು ಈಟಿಯನ್ನು ಕಿತ್ತುಕೊಳ್ಳುತ್ತಾನೆ. ಈಟಿಯ ಹಿಂದೆಯೇ ಫ್ರೆನೆಸ್ ಕೂಡ ಹೊರಗೆ ಬರುತ್ತವೆ. ಓದುವಾಗ ಮೈ ಝುಂ ಅನ್ನುತ್ತದೆ. ಇದು ಕೈಗೆ ಸಿಗುವ, ರಕ್ತ ಸೋರುವ ಮಾಂಸ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ 9ನೇ ಭಾಗದಲ್ಲಿ ಕಥಾನಾಯಕ ಒಡಿಸ್ಯೂಸ್ ಮಲಗಿರುವ ಒಕ್ಕಣ್ಣ ರಾಕ್ಷಸನ ಎದೆಗೆ ಕತ್ತಿ ಹಾಕಲು ಯೋಚಿಸುತ್ತಾನೆ. ಫ್ರೆನೆಸ್ ಪಿತ್ತಜನಕಾಂಗವನ್ನು ಹಿಡಿದಿಟ್ಟಿರುವ ಜಾಗ ಯಾವುದು ಅಂತ ಕೈಯಿಂದ ತಡವಿ ನೋಡಬೇಕು ಅಂದುಕೊಳ್ಳುತ್ತಾನೆ. ಈ ವರ್ಣನೆ ನೋಡಿದರೆ ವಪೆಯೇ ಅನ್ನಿಸುತ್ತದೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ಏರಿಳಿಯುವ ಆ ಸ್ನಾಯುವಿನ ಪರದೆ. ಇಂಗ್ಲಿಷಿನಲ್ಲಿ ಅದನ್ನೇ ಡಯಾಫ್ರಮ್ ಅನ್ನುವುದು. ಹೋಮರನ ಕಾಲಕ್ಕೆ ಶ್ವಾಸಕೋಶವೂ ಈ ಪದದಲ್ಲಿ ಸೇರಿತ್ತು ಅಂತ ವಾದಿಸುವ ವಿದ್ವಾಂಸರೂ ಇದ್ದಾರೆ.

ಅದೇ ಇಲಿಯಡ್‌ನ ಮೊದಲ ಭಾಗದಲ್ಲಿ ರಾಜ ಅಗಮೆಮ್ನನ್‌ಗೆ ಸಿಟ್ಟು ಬರುತ್ತದೆ. ಆಗ ಅವನ ಕಪ್ಪು ಫ್ರೆನೆಸ್ ರೋಷದಿಂದ ತುಂಬಿಕೊಂಡವು ಅನ್ನುತ್ತಾನೆ ಹೋಮರ್. ಬೇರೆ ಕಡೆಗಳಲ್ಲಿ ವೀರರು ಫ್ರೆನೆಸ್‌ನಲ್ಲಿ ಯೋಚಿಸುತ್ತಾರೆ, ಫ್ರೆನೆಸ್‌ನಲ್ಲಿ ಖುಷಿ ಪಡುತ್ತಾರೆ, ದೇವತೆಗಳು ಅವರ ಫ್ರೆನೆಸ್ ಕಸಿದುಕೊಂಡು ಬುದ್ಧಿಗೆಡಿಸುತ್ತಾರೆ. ಈಟಿಯ ಜೊತೆ ಬಂದ ಮಾಂಸವೂ ಫ್ರೆನೆಸ್, ಸಿಟ್ಟು ತುಂಬಿಕೊಳ್ಳುವ ಜಾಗವೂ ಫ್ರೆನೆಸ್. ಹೋಮರ್‌ಗೆ ಇವು ಬೇರೆ ಬೇರೆ ಅಂತ ಅನ್ನಿಸಲೇ ಇಲ್ಲ.

ನಮಗೂ ಇದು ವಿಚಿತ್ರ ಅನ್ನಿಸಬಾರದು. ಕೆಟ್ಟ ಸುದ್ದಿ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಮಗು ಬಿದ್ದು ಅತ್ತರೆ ಕರುಳು ಚುರುಕ್ ಅನ್ನುತ್ತದೆ. ಪಕ್ಕದವರ ಏಳಿಗೆ ನೋಡಿದರೆ ಹೊಟ್ಟೆಕಿಚ್ಚು. ಧೈರ್ಯಕ್ಕೆ ಎದೆಗಾರಿಕೆ ಅಂತೀವಿ. ಇವೆಲ್ಲ ಯಾರೋ ಅಂಗರಚನಾಶಾಸ್ತ್ರ ಓದಿ ಕಟ್ಟಿದ ಮಾತಲ್ಲ. ಮೈಯಲ್ಲಿ ಎಲ್ಲಿ ಆಗುತ್ತದೋ ಅಲ್ಲೇ ಮಾತು ಹುಟ್ಟಿತು. ಭಯವಾದಾಗ ಉಸಿರು ಹಿಡಿದುಕೊಳ್ಳುತ್ತದೆ, ಅಳು ಬಂದಾಗ ಬಿಕ್ಕುತ್ತೇವೆ, ನಗು ತಡೆಯಲಾಗದೆ ಪಕ್ಕೆ ನೋಯುತ್ತದೆ. ಮೂರೂ ವಪೆಯ ಕೆಲಸ. ಒಮ್ಮೆ ಪಕ್ಕೆಲುಬು ಮುಗಿಯುವ ಜಾಗದಲ್ಲಿ ಕೈ ಇಟ್ಟುಕೊಂಡು ಜೋರಾಗಿ ನಕ್ಕು ನೋಡಿ. ಗ್ರೀಕರು ಮನಸ್ಸನ್ನು ಅಲ್ಲಿ ಏಕೆ ಇಟ್ಟರು ಅಂತ ಕೈಗೇ ಗೊತ್ತಾಗುತ್ತದೆ.

ಆದರೆ ಗ್ರೀಕರೆಲ್ಲರೂ ಇದನ್ನು ಒಪ್ಪಿಕೊಂಡು ಕೂರಲಿಲ್ಲ. ನನಗೆ ಬಹಳ ಪ್ರಿಯವಾದ ಒಂದು ಪುಟ ಇದೆ. ಹಿಪೊಕ್ರಟಿಸ್ ಹೆಸರಿನಲ್ಲಿ ಉಳಿದು ಬಂದಿರುವ ವೈದ್ಯಗ್ರಂಥಗಳಲ್ಲಿ ‘ಪವಿತ್ರ ರೋಗ’ ಅಂತ ಒಂದು ಚಿಕ್ಕ ಗ್ರಂಥ. ಕ್ರಿಸ್ತಪೂರ್ವ 400ರ ಆಸುಪಾಸಿನದು. ಜನ ದೇವರ ಕಾಟ ಅಂದುಕೊಂಡಿದ್ದ ಮೂರ್ಛೆರೋಗ ದೇವರದ್ದೇನಲ್ಲ, ಅದು ಮಿದುಳಿನ ಕಾಯಿಲೆ ಅಂತ ಅದರ ವಾದ. ನಮ್ಮ ಸುಖ, ನಗು, ದುಃಖ, ಕಣ್ಣೀರು ಎಲ್ಲವೂ ಮಿದುಳಿನಿಂದಲೇ ಬರುತ್ತವೆ ಅಂತ ಆ ವೈದ್ಯ ಖಚಿತವಾಗಿ ಬರೆಯುತ್ತಾನೆ. ಆಮೇಲೆ ಫ್ರೆನೆಸ್ ವಿಷಯಕ್ಕೆ ಬರುತ್ತಾನೆ. ಅವನು ಹೇಳುವುದರ ಸಾರ ಇಷ್ಟು: ಈ ಅಂಗಕ್ಕೆ ಯೋಚನೆಗೆ ಸಂಬಂಧಿಸಿದ ಹೆಸರು ಬಂದಿರುವುದು ಆಕಸ್ಮಿಕವಾಗಿ, ರೂಢಿಯಿಂದ. ಅದರ ಸ್ವಭಾವದಿಂದಲ್ಲ. ಯೋಚಿಸುವ ಶಕ್ತಿ ಇದಕ್ಕೆ ಇರುವುದು ನನಗಂತೂ ಕಾಣುತ್ತಿಲ್ಲ. ಇದ್ದಕ್ಕಿದ್ದಂತೆ ಖುಷಿಯಾದರೆ, ದುಃಖವಾದರೆ ಅದು ಜಿಗಿಯುತ್ತದೆ, ನಿಜ. ಅದಕ್ಕೆ ಕಾರಣ ಅದು ತೆಳ್ಳಗಿದ್ದು ದೇಹದೊಳಗೆ ಅಗಲವಾಗಿ ಹರಡಿಕೊಂಡಿರುವುದು.

2,400 ವರ್ಷಗಳ ಹಿಂದೆ ಒಬ್ಬ ವೈದ್ಯ ನಿಮ್ಮ ಪ್ರಶ್ನೆಗೇ ಉತ್ತರ ಬರೆದಿಟ್ಟ ಹಾಗಿದೆ, ಅಲ್ವಾ? ಹೆಸರು ರೂಢಿಯಿಂದ ಬಂದದ್ದು, ಹೆಸರು ನೋಡಿ ವಸ್ತುವಿನ ಗುಣ ಹೇಳಬೇಡಿ ಅಂತ ಅವನು ಹೇಳಿದ್ದು ಇದೇ ಪದದ ಬಗ್ಗೆ. ಅದೇ ಫ್ರೇನ್ ಇವತ್ತು ನಿಮ್ಮ ತಮ್ಮನ ಕಾಯಿಲೆಯ ಹೆಸರಿನಲ್ಲಿ ಕೂತಿದೆ. ಮತ್ತೆ ನಾವು ಹೆಸರು ನೋಡಿಯೇ ಹೆದರುತ್ತಿದ್ದೇವೆ.

ಅರಿಸ್ಟಾಟಲ್ ಕೂಡ ಪ್ರಾಣಿಗಳ ಅಂಗಗಳ ಬಗ್ಗೆ ಬರೆಯುವಾಗ ಇಂಥದೇ ಮಾತು ಹೇಳುತ್ತಾನೆ. ಈ ಪರದೆಗೆ ಫ್ರೆನೆಸ್ ಅನ್ನುತ್ತಾರೆ, ಅದೇನೋ ಯೋಚನೆಯಲ್ಲಿ ಪಾಲು ಪಡೆದಂತೆ, ನಿಜವಾಗಿ ಪಾಲೇನೂ ಇಲ್ಲ ಅನ್ನುತ್ತಾನೆ. ಕಚಗುಳಿ ಇಟ್ಟರೆ ನಗು ಬರುವುದು ಇದೇ ಜಾಗದ ಅಲುಗಾಟದಿಂದ ಅಂತಲೂ, ಯುದ್ಧದಲ್ಲಿ ಇಲ್ಲಿಗೆ ಗಾಯವಾದವರು ನಗುತ್ತಾರಂತೆ ಅಂತಲೂ ಅಲ್ಲೇ ಸೇರಿಸುತ್ತಾನೆ.

ಒಂದು ಎಚ್ಚರಿಕೆ. ಡಯಾಫ್ರಮ್ ಪದದಲ್ಲಿ ಫ್ರೇನ್ ಇದೆ ಅಂತ ಅನೇಕರು ನಂಬುತ್ತಾರೆ. ಇಲ್ಲ. ಅದು ‘ದಿಯಾ’ ಮತ್ತು ‘ಫ್ರಾಗ್ಮಾ’. ಫ್ರಾಗ್ಮಾ ಅಂದರೆ ಬೇಲಿ. ಪ್ಲೇಟೋ ತನ್ನ ತಿಮಾಯಸ್ ಸಂವಾದದಲ್ಲಿ ಫ್ರೆನೆಸ್ ಅನ್ನು ದೇಹದೊಳಗಿನ ಅಡ್ಡಗೋಡೆ ಅಂತ ವರ್ಣಿಸುವಾಗ ಈ ಪದ ಬಳಸುತ್ತಾನೆ: ಮನೆಯಲ್ಲಿ ಗಂಡಸರ ಭಾಗಕ್ಕೂ ಹೆಂಗಸರ ಭಾಗಕ್ಕೂ ನಡುವೆ ಗೋಡೆ ಇರುವ ಹಾಗೆ, ಆತ್ಮದ ಉತ್ತಮ ಭಾಗಕ್ಕೂ ಕೆಳ ಭಾಗಕ್ಕೂ ನಡುವೆ ಇದು ಬೇಲಿ ಅಂತ. ಕಾಲಕ್ರಮೇಣ ಅಂಗಕ್ಕೆ ಬೇಲಿಯ ಹೆಸರು ನಿಂತಿತು. ಫ್ರೇನ್ ಮನಸ್ಸಿನ ಕಡೆಗೆ ವಾಲಿತು. ಆದರೂ ಹಳೆಯ ನಂಟು ಪೂರ್ತಿ ಹರಿದಿಲ್ಲ. ಕುತ್ತಿಗೆಯ 3, 4, 5ನೇ ನರಗಳಿಂದ ಹೊರಟು ವಪೆಯನ್ನು ಆಡಿಸುವ ನರಕ್ಕೆ ಡಾಕ್ಟರುಗಳು ಇವತ್ತಿಗೂ ಫ್ರೆನಿಕ್ ನರ ಅಂತಲೇ ಅನ್ನುತ್ತಾರೆ. ನೀವು ಈ ಸಾಲು ಓದುತ್ತಾ ಎಳೆದುಕೊಂಡ ಉಸಿರೂ ಆ ನರದ್ದೇ ಕೆಲಸ.

ಮನಸ್ಸಿನ ಕಡೆ ವಾಲಿದ ಫ್ರೇನ್‌ನ ಸಂಸಾರ ದೊಡ್ಡದು. ಜ್ವರ ನೆತ್ತಿಗೇರಿ ಬಡಬಡಿಸುವುದಕ್ಕೆ ಗ್ರೀಕ್ ವೈದ್ಯರು ‘ಫ್ರೆನೀತಿಸ್’ ಅಂದರು. ಅದೇ ಸುತ್ತಿ ಬಳಸಿ ಇಂಗ್ಲಿಷಿನಲ್ಲಿ ಫ್ರೆಂಜಿ ಆಯಿತು. ತಲೆಬುರುಡೆಯ ಉಬ್ಬು ತಗ್ಗು ಮುಟ್ಟಿ ಸ್ವಭಾವ ಹೇಳುತ್ತೇವೆ ಅಂದ 19ನೇ ಶತಮಾನದ ಪೊಳ್ಳು ವಿದ್ಯೆಗೆ ಫ್ರೆನಾಲಜಿ ಅಂತ ಹೆಸರು. ಇನ್ನು ಸ್ವರ ಬದಲಾಗಿ ‘ಫ್ರೊನ್’ ಅಂತ ಬರುವ ರೂಪಗಳು ಬೇರೆ: ವಿವೇಕಕ್ಕೆ ‘ಫ್ರೊನೇಸಿಸ್’, ಸಂಯಮ ಇರುವವನಿಗೆ ‘ಸೋಫ್ರೋನ್’, ಅಂದರೆ ಫ್ರೇನ್ ಕ್ಷೇಮವಾಗಿರುವವನು. ಆ ಪದ ನನಗೆ ತುಂಬಾ ಇಷ್ಟ. ಬುದ್ಧಿವಂತ ಅಂತಲ್ಲ, ಒಳಗೆ ಕ್ಷೇಮವಾಗಿರುವವನು.

ಸ್ಕಿಜೋಫ್ರೇನಿಯಾ ಈ ಸಂಸಾರದಲ್ಲಿ ತೀರಾ ಕಿರಿಯದು. ಪ್ರಾಚೀನ ಗ್ರೀಕರು ಈ ಪದವನ್ನು ಕೇಳಿಯೇ ಇರಲಿಲ್ಲ. ಇದು ಹುಟ್ಟಿದ್ದು 1908ರ ಏಪ್ರಿಲ್ 24ರಂದು, ಬರ್ಲಿನ್‌ನಲ್ಲಿ. ಜರ್ಮನ್ ಮನೋವೈದ್ಯರ ಸಭೆಯಲ್ಲಿ ಸ್ವಿಟ್ಜರ್ಲೆಂಡಿನ ಆಯ್ಗೆನ್ ಬ್ಲಾಯ್ಲರ್ ಅನ್ನುವ ವೈದ್ಯರು ಮೊದಲ ಸಲ ಇದನ್ನು ಎಲ್ಲರೆದುರು ಹೇಳಿದರು. ಮೂರು ವರ್ಷದ ಮೇಲೆ, 1911ರಲ್ಲಿ, ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು.

ಬ್ಲಾಯ್ಲರ್ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಪದದ ಒಳಗೆ ಅವರ ಬದುಕು ಇದೆ. ಹುಟ್ಟಿದ್ದು 1857ರಲ್ಲಿ, ಜ್ಯೂರಿಕ್ ಪಕ್ಕದ ಒಂದು ಹಳ್ಳಿಯಲ್ಲಿ. ಅವರ ಸಹೋದರಿಗೂ ಗಂಭೀರ ಮಾನಸಿಕ ಕಾಯಿಲೆ ಇತ್ತು. 1886ರಿಂದ 12 ವರ್ಷ ಅವರು ರೈನಾವ್ ಅನ್ನುವ ಕಡೆ ಮಾನಸಿಕ ರೋಗಿಗಳ ಆಸ್ಪತ್ರೆ ನೋಡಿಕೊಂಡರು. ವಾಸವೂ ರೋಗಿಗಳ ನಡುವೆಯೇ. ಅವರ ಜೊತೆ ಕೆಲಸ ಮಾಡಿದರು, ಅವರ ಮಾತು ಕೇಳಿಸಿಕೊಂಡರು. ಆಮೇಲೆ 1898ರಿಂದ 1927ರವರೆಗೆ ಜ್ಯೂರಿಕ್‌ನ ಬುರ್ಘೋಲ್ಜ್ಲಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು.

ಆಗ ಈ ಕಾಯಿಲೆಗೆ ಚಾಲ್ತಿಯಲ್ಲಿದ್ದ ಹೆಸರು ‘ಡಿಮೆನ್ಷಿಯಾ ಪ್ರೀಕಾಕ್ಸ್’. ಅಂದರೆ ಹರೆಯದಲ್ಲೇ ಬರುವ ಬುದ್ಧಿನಾಶ. ಎಮಿಲ್ ಕ್ರೆಪೆಲಿನ್ ಅನ್ನುವ ದೊಡ್ಡ ಜರ್ಮನ್ ವೈದ್ಯರಿಂದ ಅದು ಎಲ್ಲೆಡೆ ಹಬ್ಬಿತ್ತು. ಬ್ಲಾಯ್ಲರ್‌ಗೆ ಆ ಹೆಸರು ಸರಿ ಅನ್ನಿಸಲಿಲ್ಲ. ತಮ್ಮ ರೋಗಿಗಳಲ್ಲಿ ಎಲ್ಲರಿಗೂ ಹರೆಯದಲ್ಲೇ ಬಂದಿರಲಿಲ್ಲ. ಎಲ್ಲರ ಬುದ್ಧಿಯೂ ನಾಶವಾಗಿರಲಿಲ್ಲ. ಎಷ್ಟೋ ಜನ ಸುಧಾರಿಸಿ ಮನೆಗೆ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಬರ್ಲಿನ್ ಭಾಷಣದ ವಿಷಯವೂ ಅದೇ: ಈ ರೋಗಿಗಳ ಮುಂದಿನ ಗತಿ ಏನು? ನಿಮ್ಮ ಮನೆಯವರು ಇದನ್ನು ತಿಳಿದುಕೊಂಡರೆ ಒಳ್ಳೆಯದು. ‘ಇವನ ಕಥೆ ಮುಗಿಯಿತು’ ಅನ್ನುವ ಹಳೆಯ ಹೆಸರನ್ನು ತೆಗೆದುಹಾಕುವುದಕ್ಕೇ ಈ ಹೊಸ ಪದ ಬಂದದ್ದು.

ಹಾಗಾದರೆ ಸೀಳು ಅಂತ ಏಕೆ ಅಂದರು? ಮನಸ್ಸಿನ ಬೇರೆ ಬೇರೆ ಕೆಲಸಗಳು ಒಂದನ್ನೊಂದು ಬಿಟ್ಟುಹೋಗುವುದೇ ಈ ಕಾಯಿಲೆಯ ಮುಖ್ಯ ಲಕ್ಷಣ ಅಂತ ಬ್ಲಾಯ್ಲರ್ ಕಂಡುಕೊಂಡಿದ್ದರು. ಸಾಮಾನ್ಯವಾಗಿ ನಮ್ಮ ಯೋಚನೆ, ಭಾವನೆ, ಇಚ್ಛೆ, ಮಾತು ಒಟ್ಟಿಗೆ ಹೆಣೆದುಕೊಂಡು ನಡೆಯುತ್ತವೆ. ಅದನ್ನು ನಾವು ಗಮನಿಸುವುದೂ ಇಲ್ಲ. ಈ ಕಾಯಿಲೆಯಲ್ಲಿ ಆ ಹೆಣಿಗೆ ಸಡಿಲವಾಗುತ್ತದೆ.

ಯೋಚನೆಯ ಎಳೆ ಹೇಗೆ ಬಿಡುತ್ತದೆ ಅನ್ನುವುದಕ್ಕೆ ನಾನೇ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ‘ಬಾಗಿಲು ಹಾಕಿದೆಯಾ?’ ಅಂತ ಕೇಳುತ್ತೀರಿ. ‘ಬಾಗಿಲಿಗೆ ಕಣ್ಣಿದೆ, ಕಣ್ಣಿಗೆ ಔಷಧಿ ಹಾಕಬೇಕು, ಔಷಧಿ ಕಹಿ, ಬೇವು ಕಹಿ, ಮರ ನೋಡುತ್ತಿದೆ’ ಅಂತ ಉತ್ತರ ಬರುತ್ತದೆ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಗೆ ಅಂಟಿಕೊಂಡಿದೆ. ಆದರೆ ಎಲ್ಲವನ್ನೂ ಬಾಗಿಲಿನ ಪ್ರಶ್ನೆಗೆ ಕಟ್ಟಿಹಾಕಬೇಕಾಗಿದ್ದ ದಾರ ಇಲ್ಲ. ಭಾವನೆ ಬೇರೆಯಾಗುವುದು ಅಂದರೆ, ಹತ್ತಿರದವರು ಸತ್ತ ಸುದ್ದಿ ಹೇಳುವಾಗ ಮುಖದಲ್ಲಿ ನಗು ಇರಬಹುದು. ದುಃಖ ಇಲ್ಲ ಅಂತಲ್ಲ, ಅದು ಮುಖದವರೆಗೆ ಬರುವ ದಾರಿ ತಪ್ಪಿದೆ. ಇಚ್ಛೆ ಒಡೆಯುವುದಕ್ಕೆ ಬ್ಲಾಯ್ಲರ್ ಕೊಡುವ ಚಿತ್ರ ಮರೆಯುವಂಥದ್ದಲ್ಲ: ರೋಗಿಗೆ ತಿನ್ನಬೇಕು, ತಿನ್ನಬಾರದು, ಎರಡೂ ಒಟ್ಟಿಗೆ. ಚಮಚ ಬಾಯಿಯ ಕಡೆ ಎತ್ತುತ್ತಾನೆ, ಇಳಿಸುತ್ತಾನೆ, ಮತ್ತೆ ಎತ್ತುತ್ತಾನೆ, ಹತ್ತಾರು ಸಲ. ಬಾಯಿಗೆ ಹಾಕುವುದಿಲ್ಲ.

ಇದಕ್ಕೆ ಅವರೇ ಕಟ್ಟಿದ ಪದ ಆಂಬಿವೇಲೆನ್ಸ್. ಇವತ್ತು ಯಾವುದೇ ಇಬ್ಬಗೆಯ ಮನಸ್ಸಿಗೆ ಆ ಪದ ಬಳಸುತ್ತಾರೆ. ಆಟಿಸಂ ಅನ್ನುವ ಪದವನ್ನು ಕೊಟ್ಟವರೂ ಇದೇ ಬ್ಲಾಯ್ಲರ್. ಗ್ರೀಕಿನ ‘ಔತೊಸ್’, ಅಂದರೆ ತಾನು. ರೋಗಿ ತನ್ನೊಳಗೇ ಸೇರಿಕೊಂಡು ಹೊರಗಿನ ಲೋಕಕ್ಕೆ ಬೆನ್ನು ಮಾಡುವುದಕ್ಕೆ ಅವರು ಹಾಗೆ ಕರೆದದ್ದು. ಮಕ್ಕಳ ಬೆಳವಣಿಗೆಗೆ ಸಂಬಂಧಿಸಿದ ಇಂದಿನ ಅರ್ಥ ಅದಕ್ಕೆ ಬಂದದ್ದು 1940ರ ದಶಕದಲ್ಲಿ.

ಈ ಚಮಚದ ಚಿತ್ರ ಇನ್ನೊಮ್ಮೆ ನೋಡಿ. ಚಮಚ ಎತ್ತುವವನೂ ಇಳಿಸುವವನೂ ಒಬ್ಬನೇ. ಎತ್ತುವವನೊಬ್ಬ, ಇಳಿಸುವವನೊಬ್ಬ ಅಂತ ಇಬ್ಬರಿಲ್ಲ. ಒಬ್ಬ ಮನುಷ್ಯ, ಬಹಳ ಕಷ್ಟದಲ್ಲಿರುವ ಒಬ್ಬನೇ ಮನುಷ್ಯ. ಸೀಳು ಇರುವುದು ಅವನ ಎಳೆಗಳ ನಡುವೆ. ಗ್ರಂಥದ ಹೆಸರಿನಲ್ಲೇ ಬ್ಲಾಯ್ಲರ್ ‘ಸ್ಕಿಜೋಫ್ರೇನಿಯಾಗಳ ಗುಂಪು’ ಅಂತ ಬಹುವಚನ ಇಟ್ಟರು. ಇದು ಒಂದೇ ಕಾಯಿಲೆ ಅಲ್ಲ, ಹಲವು ಸೇರಿರಬಹುದು ಅನ್ನುವ ಅನುಮಾನ ಅವರಿಗೆ ಮೊದಲೇ ಇತ್ತು.

ಒಬ್ಬರೊಳಗೆ ಬೇರೆ ಬೇರೆ ವ್ಯಕ್ತಿತ್ವಗಳು ಸರದಿಯಲ್ಲಿ ಬಂದಂತೆ ಕಾಣುವ ಸ್ಥಿತಿ ಬೇರೆಯೇ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಅದಕ್ಕೆ ಬಹುವ್ಯಕ್ತಿತ್ವ ಅಂತ ಪ್ರತ್ಯೇಕ ಜಾಗ ಕೊಟ್ಟಿತು. 1994ರಲ್ಲಿ ಅದರ ಹೆಸರೂ ಬದಲಾಯಿತು. ಅದಕ್ಕೂ ನಿಮ್ಮ ತಮ್ಮನಿಗೆ ಡಾಕ್ಟರು ಹೇಳಿದ್ದಕ್ಕೂ ಸಂಬಂಧ ಇಲ್ಲ. ಜನರ ಬಾಯಲ್ಲಿ ಎರಡೂ ಕಲಸಿಹೋಗಿವೆ. ‘ಒಡೆದ ಮನಸ್ಸು’ ಅನ್ನುವ ಪದಶಃ ಅನುವಾದವೇ ಅದಕ್ಕೆ ದೊಡ್ಡ ಕಾರಣ.

ಬ್ಲಾಯ್ಲರ್ ಹಳೆಯ ಹೆಸರಿನ ಮೇಲೆ ಹೊರಿಸಿದ ಇನ್ನೊಂದು ದೂರು ಇದೆ. ಡಿಮೆನ್ಷಿಯಾ ಪ್ರೀಕಾಕ್ಸ್‌ನಿಂದ ವಿಶೇಷಣ ಮಾಡಲು ಬರುವುದಿಲ್ಲ, ಅದು ಕಾಯಿಲೆಯನ್ನು ಹೇಳುತ್ತದೆ, ಕಾಯಿಲೆಯವನನ್ನು ಹೇಳುವುದಿಲ್ಲ ಅಂದರು. ಬರೆಯುವ ಅನುಕೂಲಕ್ಕೆ ಅವರಿಗೆ ಅದು ಬೇಕಿತ್ತು. ಹೊಸ ಪದ ಆ ಅನುಕೂಲ ಕೊಟ್ಟಿತು: ಸ್ಕಿಜೋಫ್ರೇನಿಕ್. ಅವರಷ್ಟು ರೋಗಿಗಳನ್ನು ಹತ್ತಿರದಿಂದ ಕಂಡವರು ಕಡಿಮೆ, ಅವರ ಮೇಲೆ ನನಗೆ ಅಪಾರ ಗೌರವ. ಆದರೂ ಈ ಒಂದು ಅನುಕೂಲ ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಕಾಯಿಲೆಯ ಹೆಸರು ಮನುಷ್ಯನ ಹೆಸರಾಗಿಬಿಟ್ಟಿತು. ಮನೆಯಲ್ಲಿ ಯಾರಾದರೂ ‘ಅವನು ಸ್ಕಿಜೋಫ್ರೇನಿಕ್’ ಅಂದರೆ ನಿಧಾನವಾಗಿ ತಿದ್ದಿ. ‘ಅವನಿಗೆ ಸ್ಕಿಜೋಫ್ರೇನಿಯಾ ಇದೆ’ ಅನ್ನಲಿ. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ ಅಂತೀವಲ್ಲ, ಹಾಗೆ.

ಹೆಸರಿನಿಂದ ಜನರಿಗೆ ನೋವಾಗುತ್ತದೆ ಅನ್ನುವುದನ್ನು ಗಂಭೀರವಾಗಿ ತೆಗೆದುಕೊಂಡ ದೇಶಗಳೂ ಇವೆ. ಜಪಾನಿನಲ್ಲಿ ಇದಕ್ಕೆ ‘ಸೇಯ್ಶಿನ್ ಬುನ್ರೆತ್ಸು ಬ್ಯೋ’ ಅನ್ನುತ್ತಿದ್ದರು. ಪದಕ್ಕೆ ಪದ ಬಿಡಿಸಿದರೆ ‘ಮನಸ್ಸು ಸೀಳುವ ರೋಗ’. ಗ್ರೀಕಿನಲ್ಲಿ ಮರೆಯಾಗಿದ್ದ ಅರ್ಥ ಜಪಾನೀಯರಿಗೆ ನೇರ ಕಣ್ಣಿಗೆ ರಾಚುತ್ತಿತ್ತು. ಡಾಕ್ಟರುಗಳು ಆ ಹೆಸರನ್ನು ರೋಗಿಯ ಎದುರು ಹೇಳಲೇ ಹಿಂಜರಿಯುತ್ತಿದ್ದರು. ರೋಗಿಗಳ ಕುಟುಂಬದವರು ಸಂಘ ಕಟ್ಟಿಕೊಂಡು 1993ರಲ್ಲಿ ಹೆಸರು ಬದಲಿಸಿ ಅಂತ ಕೇಳಿದರು. 2002ರಲ್ಲಿ ಬದಲಾಯಿತು: ‘ತೋಗೋ ಶಿತ್ಚೋ ಶೋ’, ಅಂದರೆ ಹೊಂದಾಣಿಕೆ ತಪ್ಪಿದ ಸ್ಥಿತಿ. ಆ ವರ್ಷ ತಮ್ಮ ಕಾಯಿಲೆಯ ಹೆಸರನ್ನು ಡಾಕ್ಟರಿಂದ ಕೇಳಿ ತಿಳಿದಿದ್ದ ರೋಗಿಗಳು ಸುಮಾರು ಶೇ 37. ಕೆಲವೇ ವರ್ಷದಲ್ಲಿ ಅದು ಶೇ 70ರ ಹತ್ತಿರ ಬಂತು. ಹೇಳಲು ಬಾಯಿ ಬರುವಂಥ ಹೆಸರು ಸಿಕ್ಕಿತು, ಡಾಕ್ಟರುಗಳು ಹೇಳತೊಡಗಿದರು.

ದಕ್ಷಿಣ ಕೊರಿಯಾದವರು 2011ರಲ್ಲಿ ಆರಿಸಿಕೊಂಡ ಹೆಸರು ನನಗೆ ಇನ್ನೂ ಇಷ್ಟ: ‘ಜೋಹ್ಯೋನ್‌ಬ್ಯೋಂಗ್’. ಅದರಲ್ಲಿ ‘ಹ್ಯೋನ್’ ಅಂದರೆ ವಾದ್ಯದ ತಂತಿ, ‘ಜೋ’ ಅಂದರೆ ಹೊಂದಿಸುವುದು. ತಂತಿಯ ಶ್ರುತಿ ಹೊಂದಿಸುವ ಕಾಯಿಲೆ. ಬ್ಲಾಯ್ಲರ್ ಸೀಳು ಅನ್ನುವ ಪದದಲ್ಲಿ ಹೇಳಲು ಹೊರಟದ್ದು ಹೆಚ್ಚು ಕಡಿಮೆ ಇದನ್ನೇ. ವಾದ್ಯ ಒಂದೇ. ತಂತಿಗಳು ಒಂದಕ್ಕೊಂದು ಕೂಡುತ್ತಿಲ್ಲ. ಶ್ರುತಿ ತಪ್ಪಿದ ವಾದ್ಯವನ್ನು ಯಾರೂ ಒಡೆದುಹೋಯಿತು ಅನ್ನುವುದಿಲ್ಲ, ಕೂತು ಬಿರಡೆ ತಿರುಗಿಸುತ್ತಾರೆ. ಚಿಕ್ಕಮ್ಮನಿಗೆ ವಿವರಿಸುವಾಗ ಗ್ರೀಕ್ ಕಥೆ ಬೇಡ, ಈ ತಂತಿಯ ಮಾತು ಹೇಳಿ. ಬೇಗ ಮನಸ್ಸಿಗೆ ಹತ್ತುತ್ತದೆ. ಮಗನ ಪಕ್ಕ ಕೂತು ಮಾತಾಡಲಿ. ಉತ್ತರ ಅಡ್ಡದಾರಿ ಹಿಡಿದರೆ ಗಾಬರಿ ಬೇಡ, ಚಿಕ್ಕ ಚಿಕ್ಕ ಮಾತಿನಲ್ಲಿ ಮತ್ತೆ ಕೇಳಲಿ. ಔಷಧಿ ತಪ್ಪದೆ ನಡೆಯಲಿ. ಮನೆಯವರಿಗೆ ಬರುವ ಅನುಮಾನಗಳನ್ನು ನೋಡುತ್ತಿರುವ ಡಾಕ್ಟರ ಹತ್ತಿರವೇ ಎತ್ತಲಿ.

ಉಚ್ಚಾರದ ಪ್ರಶ್ನೆ ಉಳಿಯಿತು. ಸ್ಕಿಜೋ, ಸ್ಕಿಟ್ಸೋ ಎರಡೂ ನಡೆಯುತ್ತದೆ. ಬ್ಲಾಯ್ಲರ್ ಬರೆದದ್ದು ಜರ್ಮನ್ ಭಾಷೆಯಲ್ಲಿ. ಜರ್ಮನ್ನರು ಈ ಪದದಲ್ಲಿರುವ z ಅಕ್ಷರವನ್ನು ‘ತ್ಸ್’ ಅಂತ ಓದುತ್ತಾರೆ. ಇಂಗ್ಲಿಷಿನಲ್ಲಿ ಕೇಳುವ ಸ್ಕಿಟ್ಸೋದಲ್ಲೂ ಆ ‘ತ್ಸ್’ ಇದೆ. ಕನ್ನಡದಲ್ಲಿ ‘ಜ’ ಹಾಕಿ ಬರೆಯುವುದು ರೂಢಿಯಾಗಿದೆ, ಅದು ಗ್ರೀಕ್ ಮೂಲಕ್ಕೂ ಹತ್ತಿರ. ನಾನು ಸ್ಕಿಜೋಫ್ರೇನಿಯಾ ಅಂತಲೇ ಬರೆಯುತ್ತೇನೆ. ಆದರೆ ‘ಸ್ಕಿಟ್ಸೋ’ ಅಂತ ಪದವನ್ನು ಅರ್ಧಕ್ಕೇ ಕತ್ತರಿಸಿ ಯಾರನ್ನೂ ಕರೆಯಬೇಡಿ. ಇಂಗ್ಲಿಷಿನಲ್ಲಿ ಅದು ಬೈಗುಳ.